ಅಪ್ಪನ ಆಸೆ, ಅವ್ವನ ಸಹಿ

ದೇಹದಾನದ ಬಗ್ಗೆ ತುಂಬ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಬದುಕಿದ್ದಾಗ ಫಾರಂ ತುಂಬಿ ಸಹಿ ಹಾಕಿಟ್ಟಿದ್ದರೂ, ಸತ್ತ ಮೇಲೆ ಮನೆಯವರು ಒಪ್ಪದಿದ್ದರೆ ಮೆಡಿಕಲ್ ಕಾಲೇಜಿನವರು ದೇಹ ತೆಗೆದುಕೊಳ್ಳುವುದಿಲ್ಲ. ಅಂದರೆ ದೇವರನ್ನು ನಂಬದ ನಮ್ಮಪ್ಪನ ಕೊನೆಯ ಆಸೆ ನಡೆಯಬೇಕಾದರೆ, ಮಾದಪ್ಪನ ಪಟಕ್ಕೆ ಕೈ ಮುಗಿಯದೆ ಕಾಫಿಯನ್ನೂ ಕುಡಿಯದ ನಮ್ಮವ್ವ ಹೂಂ ಅನ್ನಬೇಕಿತ್ತು.

ಅಪ್ಪ ಮಂಡ್ಯ ಜಿಲ್ಲೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಕಲಿಸಿದವರು. ಓದಿದ್ದು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ, ಎಪ್ಪತ್ತರ ದಶಕದಲ್ಲಿ. ಆಗ ಅಲ್ಲಿನ ಹುಡುಗರಿಗೆಲ್ಲ ಎಚ್. ನರಸಿಂಹಯ್ಯನವರೇ ಆದರ್ಶ. 1976ರಲ್ಲಿ ಎಚ್ಚೆನ್ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನು ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದರು. ನಮ್ಮೆದುರು ಪವಾಡ ಮಾಡಿ ತೋರಿಸಿ ಎಂದು ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪತ್ರಗಳನ್ನು ಬರೆದರು. ಉತ್ತರ ಬರಲಿಲ್ಲ. ಆ ಪತ್ರಗಳ ಕಥೆ ಹೇಳುವಾಗ ಅಪ್ಪನ ಮುಖ ನೋಡಬೇಕಿತ್ತು. ಶಾಲೆಯಲ್ಲಿ ಅಂಗೈ ಮೇಲೆ ಕರ್ಪೂರ ಉರಿಸಿ, ಇದರಲ್ಲಿ ಮಂತ್ರ ಏನೂ ಇಲ್ಲ ಮಕ್ಕಳೇ ಅಂತ ತೋರಿಸುತ್ತಿದ್ದರು. ಗ್ರಹಣದ ದಿನ ಮನೆಯಲ್ಲಿ ಅವ್ವ ಉಪವಾಸ, ಅಪ್ಪನಿಗೆ ಊಟ. ಬಡಿಸುತ್ತಿದ್ದವಳು ಅವ್ವನೇ.

ನನ್ನ ಸೋದರಮಾವನಿಗೂ ಅಪ್ಪನಿಗೂ ಮಾತ್ರ ಸದಾ ವಾದ. 2017ರಲ್ಲಿ ಮೌಢ್ಯ ನಿಷೇಧ ಕಾಯ್ದೆ ಬಂದಾಗ, ಇನ್ನು ಪೂಜೆಗೂ ಪರ್ಮಿಷನ್ ಕೇಳಬೇಕು ಅಂತ ಮಾವ ಕೂಗಾಡಿದರು. ಅಪ್ಪ ಕಾಯ್ದೆಯ ಪ್ರತಿ ತಂದು ಓದಿಸಿದರು. ಎಂಜಲೆಲೆ ಮೇಲೆ ಉರುಳುವ ಮಡೆಸ್ನಾನಕ್ಕೆ ತಡೆ ಇದೆ, ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗೆ ಇಲ್ಲ. ಮಾವ ಓದಿದರು, ಆದರೂ ನಂಬಲಿಲ್ಲ. ಕಾಯ್ದೆ ಮಾಡಿದವರ ಮನಸ್ಸಿನ ಮೇಲೇ ಅವರಿಗೆ ಅನುಮಾನ. ಎರಡೂ ಕಡೆ ನಾನು ಕಂಡಿದ್ದು ಇದನ್ನೇ. ಎದುರಿನವರು ಆಡಿದ ಮಾತಿಗಿಂತ, ಆಡದೆ ಒಳಗಿಟ್ಟುಕೊಂಡಿದ್ದಾರೆ ಅಂದುಕೊಂಡ ಮಾತಿಗೇ ಜಾಸ್ತಿ ಸಿಟ್ಟು.

2015ರ ಆಗಸ್ಟ್ 30ರಂದು ಧಾರವಾಡದಲ್ಲಿ, ಅಪ್ಪನ ಹಾಗೇ ಮೂಢನಂಬಿಕೆಯನ್ನು ಪ್ರಶ್ನಿಸುತ್ತಿದ್ದ ವಿದ್ವಾಂಸ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಬಾಗಿಲಿಗೆ ಬಂದವರು ಕೊಂದರು ಅನ್ನುವುದು ಅವ್ವನ ಎದೆಯಲ್ಲಿ ಕೂತುಬಿಟ್ಟಿತು. ಆಮೇಲೆ ಯಾರು ಬಾಗಿಲು ತಟ್ಟಿದರೂ ಕಿಟಕಿಯಲ್ಲಿ ನೋಡಿಯೇ ಚಿಲಕ ತೆಗೆಯುತ್ತಿದ್ದಳು. ಅಪ್ಪನಿಗೆ ಏನೂ ಆಗಬಾರದು ಅಂತ ಮಾದಪ್ಪನಿಗೆ ಹರಕೆ ಹೊತ್ತಳು. ಅಪ್ಪನಿಗೆ ಅದು ಗೊತ್ತಿತ್ತು. ಒಂದು ದಿನವೂ ಬೇಡ ಅನ್ನಲಿಲ್ಲ.

ಅಪ್ಪ ಹೋಗಿದ್ದು ಬೆಳಗಿನ ಜಾವ, ಎದೆನೋವಿನಿಂದ. ಡಾಕ್ಟರು ಬಂದು ನೋಡಿ ತಲೆ ತಗ್ಗಿಸಿದರು. ಅಪ್ಪನ ಗೆಳೆಯ, ನಾವೆಲ್ಲ ಲೆಕ್ಕದ ಮೇಷ್ಟ್ರು ಅನ್ನುವವರು, ಅಪ್ಪನ ಫಾರಂ ಹಿಡಿದುಕೊಂಡು ಬಂದರು. ಕಣ್ಣನ್ನು ಆರು ಗಂಟೆಯೊಳಗೆ ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ತಲೆ ಎತ್ತರಕ್ಕೆ ದಿಂಬು ಕೊಡಬೇಕು, ಫ್ಯಾನ್ ಹಾಕಬಾರದು. ಫ್ಯಾನನ್ನು ಅವ್ವ ಆಗಲೇ ಆರಿಸಿದ್ದಳು, ತಲೆದೆಸೆಯಲ್ಲಿ ಹಚ್ಚಿಟ್ಟ ದೀಪ ಆರಬಾರದು ಅಂತ.

ಅಷ್ಟರಲ್ಲಿ ಮಾವ ಬಂದರು. ವಿಷಯ ತಿಳಿದು ಅಂಗಳದಲ್ಲೇ ನಿಂತು ಕೂಗಿದರು. "ಅಕ್ಕಾ, ಭಾವನ್ನ ಕುಯ್ಯಾಕೆ ಕೊಡ್ತಿಯಾ? ಕಣ್ಣು ಕಿತ್ಕೊಟ್ರೆ ಮುಂದಿನ ಜನ್ಮಕ್ಕೆ ಕುರುಡಾಗಿ ಹುಟ್ಟಲ್ವಾ? ಬದುಕಿರೋಗಂಟ ದೇವ್ರಿಲ್ಲ ಅಂದ್ರು. ಈಗಾದ್ರೂ ನಮ್ಮಂಗೆ ಮಣ್ಣಾಗ್ಲಿ ಬುಡು."

ಮೇಷ್ಟ್ರು ತಡೆಯಲಿಲ್ಲ. "ನಿಮಗೆಲ್ಲ ಭಯ ಕಣಪ್ಪಾ. ನರಕದ ಭಯ, ಜನರ ಭಯ. ಪ್ರೀತಿ ಇದ್ದಿದ್ರೆ ಅವನ ಮಾತು ನಡೆಸ್ತಿದ್ರಿ."

"ನಿಮ್ಗೆ ಕರುಳೇ ಇಲ್ಲ ಮೇಷ್ಟ್ರೇ. ಗೆಳೆಯ ಸತ್ತವ್ರೆ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಕಾಗ್ದ ಹಿಡ್ಕಂಡು ನಿಂತಿದ್ದೀರಿ."

ಇಬ್ಬರೂ ಹೇಳಿದ್ದು ಸುಳ್ಳು. ಮೇಷ್ಟ್ರು ಹಿತ್ತಲಿನ ಕೊಟ್ಟಿಗೆ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಿದ್ದನ್ನು ನಾನು ನೋಡಿದ್ದೆ. ಮಾವ ಭಯಕ್ಕೆ ಕೂಗುತ್ತಿರಲಿಲ್ಲ ಅನ್ನುವುದೂ ನನಗೆ ಗೊತ್ತಿತ್ತು. ಅಪ್ಪನಿಗೆ ಹಿಂದೆ ಆಪರೇಷನ್ ಆದಾಗ ಕರೆಯುವ ಹಸು ಮಾರಿ ದುಡ್ಡು ತಂದವರು ಅವರು. ಅವರನ್ನು ಹೈಸ್ಕೂಲಿಗೆ ಸೇರಿಸಿ ಫೀಸು ಕಟ್ಟಿದವರು ಅಪ್ಪ. ನಂಬುವವರು ನಂಬದವರಿಗೆ ಕರುಳಿಲ್ಲ ಅನ್ನುತ್ತಾರೆ. ನಂಬದವರು ನಂಬುವವರಿಗೆ ಬರೀ ಭಯ ಅನ್ನುತ್ತಾರೆ. ನಾನು ದೇವರನ್ನು ನಂಬುವವಳು, ನಂಬದವರ ಮನೆಯಲ್ಲಿ ಬೆಳೆದವಳು. ಈ ಎರಡು ಮಾತುಗಳಷ್ಟು ನನ್ನನ್ನು ನೋಯಿಸಿದ್ದು ಬೇರೆ ಇಲ್ಲ. ದೇವರು ಇದ್ದಾನೋ ಇಲ್ಲವೋ ಅನ್ನುವ ವಾದ ಎಷ್ಟು ದಿನ ಬೇಕಾದರೂ ನಡೆಯಲಿ, ಅದರಿಂದ ಯಾರ ಮನಸ್ಸೂ ಮುರಿಯುವುದಿಲ್ಲ. ನಿನಗೆ ಪ್ರೀತಿಯೇ ಇಲ್ಲ ಅಂದಾಗ ಮುರಿಯುತ್ತದೆ.

ಅವ್ವ ಒಳಗಿಂದ ಎದ್ದು ಬಂದಳು. ಮೊದಲು ತಮ್ಮನ ಕಡೆ ತಿರುಗಿದಳು. "ಅಣ್ಣಾವ್ರು ಕಣ್ಣು ಕೊಡ್ನಿಲ್ವಾ? ಅವ್ರಿಗೆ ದೇವ್ರ ಮ್ಯಾಲೆ ಭಕ್ತಿ ಇರ್ನಿಲ್ವಾ?" ಮಾವ ರಾಜ್‌ಕುಮಾರ್ ಅವರ ಅಭಿಮಾನಿ. 2006ರ ಏಪ್ರಿಲ್ 12ರಂದು ಅಣ್ಣಾವ್ರು ತೀರಿಕೊಂಡಾಗ ನೇತ್ರದಾನ ಆಗಿದ್ದು ಅವರಿಗೆ ಚೆನ್ನಾಗಿ ಗೊತ್ತು. 2021ರಲ್ಲಿ ಪುನೀತ್ ಹೋದಾಗ ಅದೇ ದಾನ ಮತ್ತೆ ನಡೆದು, ಊರೂರಲ್ಲಿ ಜನ ಸಾಲುಗಟ್ಟಿ ಹೆಸರು ಬರೆಸಿದರು. ಕಣ್ಣಿನ ವಿಷಯ ಅಲ್ಲಿಗೆ ಮುಗಿಯಿತು. ದೇಹದ ಮಾತು ಉಳಿದಿತ್ತು.

"ಮದ್ವೆಯಾದಾಗಿಂದ ಮಾದಪ್ಪನ ಬೆಟ್ಟಕ್ಕೆ ನನ್ನ ಕರ್ಕಂಡೋದೋರು ಅವ್ರೇ. ಗುಡಿ ಒಳಕ್ಕೆ ಬತ್ತಿರ್ನಿಲ್ಲ. ಆಚೆ ನನ್ ಚಪ್ಲಿ ಕಾಯ್ಕಂಡು ಕೂತಿರೋರು. ಒಂದ್ ಸಲನೂ ಬ್ಯಾಡ ಅನ್ನಿಲ್ಲ. ಅವ್ರ ಮಾತು ನಾನೊಂದು ಸಲ ನಡೆಸ್ಬಾರ್ದಾ?"

ಮಾವ ತಲೆ ಮೇಲೆ ಟವೆಲ್ ಹಾಕಿಕೊಂಡು ಜಗಲಿಯಲ್ಲಿ ಕೂತರು.

ಕಣ್ಣಿನ ಆಸ್ಪತ್ರೆಯವರು ಬಂದು ಹೋದ ಮೇಲೆ ಅವ್ವ ಅಪ್ಪನ ಮೈ ತೊಳೆಸಿ, ಹಣೆಗೆ ವಿಭೂತಿ ಹಚ್ಚಲು ಹೊರಟಳು. ಈಗ ಮೇಷ್ಟ್ರು ಅಡ್ಡ ಬಂದರು. "ಅತ್ತಿಗೆ, ಯಾವ ಶಾಸ್ತ್ರನೂ ಬೇಡ ಅಂತ ಬರೆದಿಟ್ಟಿದ್ದಾನೆ."

"ಅವ್ರ ಮೈಗೆ ಏನಾಗ್ಬೇಕು ಅಂತ ಬರ್ದವ್ರೆ ಮೇಷ್ಟ್ರೇ. ನನ್ನ ದುಃಖಕ್ಕೆ ಏನೂ ಬರ್ದಿಲ್ವಲ್ಲ."

ಮೇಷ್ಟ್ರು ಹಿಂದೆ ಸರಿದರು. ವಿಚಾರವಾದಿಗಳು ಅವ್ವನ ಆ ಮಾತನ್ನು ಕೇಳಿಸಿಕೊಳ್ಳಬೇಕು ಅನ್ನುವುದು ನನ್ನ ಆಸೆ. ಸತ್ತವರಿಗೆ ಶಾಸ್ತ್ರ ತಲುಪುತ್ತದೋ ಇಲ್ಲವೋ, ಉಳಿದವರ ಕೈಗೆ ಆ ಹೊತ್ತಿನಲ್ಲಿ ಒಂದು ಕೆಲಸ ಬೇಕು. ನೀರು ತರುವುದು, ಹಣೆ ಒರೆಸುವುದು, ತುಳಸಿ ನೀರು ಬಿಡುವುದು. ಹಾಗೆಯೇ ನಂಬುವವರೂ ಇದನ್ನು ಒಪ್ಪಬೇಕು: ತನ್ನ ದೇಹ ಏನಾಗಬೇಕು ಅಂತ ನಿಶ್ಚಯಿಸಿದವನ ಮಾತು, ನಂಬಿಕೆ ಇರಲಿ ಬಿಡಲಿ, ಮಾತೇ. ಹಣೆಯಲ್ಲಿ ವಿಭೂತಿ ಇಟ್ಟುಕೊಂಡೇ ಅಪ್ಪ ಆಂಬುಲೆನ್ಸ್ ಹತ್ತಿದರು. ಕಾಲೇಜಿನ ಅಂಗರಚನಾ ವಿಭಾಗದವರು ಮರ್ಯಾದೆಯಿಂದ ಬರಮಾಡಿಕೊಂಡರು. ಮೊದಲ ವರ್ಷದ ಮಕ್ಕಳು ಪಾಠಕ್ಕೆ ಮುಂಚೆ ಈ ದೇಹವೇ ನಮ್ಮ ಮೊದಲ ಗುರು ಅಂತ ಪ್ರತಿಜ್ಞೆ ಮಾಡುತ್ತಾರೆ ಎಂದು ಅಲ್ಲಿದ್ದ ಒಬ್ಬ ಮೇಡಂ ಹೇಳಿದರು. ಅವ್ವ ಅದನ್ನು ಇನ್ನೊಂದು ಸಲ ಹೇಳಿಸಿಕೊಂಡು ಕೇಳಿದಳು.

ಮೂರನೇ ದಿನ ಮತ್ತೆ ಕಷ್ಟ ಬಂತು. ಹಾಲು ತುಪ್ಪ ಬಿಡಬೇಕು, ಗುಡ್ಡೆ ಇಲ್ಲ. ಎಲ್ಲಿ ಬಿಡುವುದು? ನೆಂಟರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಆತ್ಮ ಅಲೆಯುತ್ತದೆ ಅಂತ ನಮ್ಮ ಎದುರೇ ಹೇಳಿದವರೂ ಇದ್ದರು. ಆ ಮಾತಿಗೆ ನನಗೆ ಇವತ್ತಿಗೂ ಕ್ಷಮೆ ಇಲ್ಲ. ಕೊನೆಗೆ ತೋಟದಲ್ಲಿ ಅಜ್ಜಿ ತಾತನ ಗುಡ್ಡೆಗಳ ಪಕ್ಕದ ಖಾಲಿ ಜಾಗ ತೋರಿಸಿದ್ದು ಮಾವನೇ. ಮೇಷ್ಟ್ರೂ ಬಂದಿದ್ದರು. ಕೈ ಮುಗಿಯಲಿಲ್ಲ, ಹಾಲು ಬಿಡಲಿಲ್ಲ. ಅವ್ವನ ಕೈ ನಡುಗುತ್ತಿತ್ತು ಅಂತ ಚೊಂಬಿನ ತಳ ಹಿಡಿದುಕೊಂಡರು.

ವರ್ಷ ಕಳೆದ ಮೇಲೆ ಅವ್ವ ಮೇಷ್ಟ್ರಿಗೆ ಹೇಳಿ ತನಗೂ ಫಾರಂ ತರಿಸಿಕೊಂಡಳು. ನೇತ್ರದಾನದ್ದಕ್ಕೆ ಸಹಿ ಹಾಕಿದಳು. ದೇಹದಾನದ್ದನ್ನು ವಾಪಸ್ ಕೊಟ್ಟಳು. ತನ್ನನ್ನು ತೋಟದಲ್ಲೇ ಮಣ್ಣು ಮಾಡಬೇಕು, ಶಾಸ್ತ್ರ ಒಂದೂ ಬಿಡಬಾರದು ಅಂದಳು. ಮೇಷ್ಟ್ರು ವಾದ ಮಾಡದೆ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದರು. ಇನ್ನೊಬ್ಬ ಸಾಕ್ಷಿ ಬೇಕಿತ್ತು. ಮಾವನನ್ನು ಕರೆದೆವು. ಅವರು ಫಾರಂ ಪೂರ್ತಿ ಓದಿ, ಮುಂದಿನ ಜನ್ಮದ ಬಗ್ಗೆ ಮೇಷ್ಟ್ರ ಹತ್ತಿರ ಕತ್ತಲಾಗುವವರೆಗೆ ವಾದ ಮಾಡಿ, ಆಮೇಲೆ ಪೆನ್ನು ಕೇಳಿದರು.