ಹಳದಿಯಾಗುವ ಪೆನ್ಸಿಲ್ ಪುಡಿ

ಸತತ ಮೂರನೆಯ ದಿನವೂ ಗ್ರಾಫೀನ್ ಆಕ್ಸೈಡ್ (ಆಮ್ಲಜನಕ ಅಂಟಿದ ಇಂಗಾಲದ ತೆಳು ಹಾಳೆಗಳು) ತೊಳೆಯುವುದರಲ್ಲೇ ಕಳೆಯಿತು. ಆಮ್ಲ ಕಡಿಮೆಯಾದಷ್ಟೂ ಅದು ಉಬ್ಬಿ ಅಂಬಲಿಯಂತಾಗುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ಎಷ್ಟು ತಿರುಗಿಸಿದರೂ ತಳ ಸೇರಲು ಒಲ್ಲದು.

ಇದನ್ನು ಮಾಡುವ ಕ್ರಮ ಹಮ್ಮರ್ಸ್ ಮತ್ತು ಆಫೆಮನ್ ಎಂಬ ರಸಾಯನಶಾಸ್ತ್ರಜ್ಞರು 1958ರಲ್ಲಿ ಪ್ರಕಟಿಸಿದ್ದು. ಪೆನ್ಸಿಲ್ಲಿನೊಳಗಿನ ಅದೇ ಗ್ರಾಫೈಟ್, ಗಂಧಕಾಮ್ಲ, ಸೋಡಿಯಂ ನೈಟ್ರೇಟ್, ಜೊತೆಗೆ ಪೊಟ್ಯಾಸಿಯಂ ಪರ್ಮಾಂಗನೇಟ್. ಕೊನೆಯದನ್ನು ಪಾತ್ರೆಯನ್ನು ಮಂಜುಗಡ್ಡೆಯಲ್ಲಿಟ್ಟು ಚಿಟಿಕೆ ಚಿಟಿಕೆಯಾಗಿ ಹಾಕಬೇಕು. ಅವಸರಪಟ್ಟರೆ ಸ್ಫೋಟವೇ ಆದೀತು. ಕಡೆಗೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದೊಡನೆ ಕಂದು ಕೆಸರು ಅರಿಸಿನದಂತೆ ಹೊಳೆಯುತ್ತದೆ. ಎಷ್ಟನೆಯ ಸಲ ನೋಡಿದರೂ ನನಗೆ ಬೇಸರ ಬಂದಿಲ್ಲ.

ತೊಳೆಯುತ್ತಾ ಯೋಚಿಸುತ್ತಿದ್ದೆ: ಗ್ರಾಫೈಟ್ ವಿದ್ಯುತ್ತನ್ನು ಹರಿಸುತ್ತದೆ, ನೀರಿನೊಡನೆ ಬೆರೆಯುವುದಿಲ್ಲ. ಆಮ್ಲಜನಕದ ಗುಂಪುಗಳು ಹಾಳೆಗೆ ಅಂಟಿಕೊಂಡ ಮೇಲೆ ನೀರಿನಲ್ಲಿ ಹಾಯಾಗಿ ತೇಲುತ್ತದೆ, ಆದರೆ ವಿದ್ಯುತ್ ಹರಿಯುವುದಿಲ್ಲ. ವಿಟಮಿನ್ ಸಿ ಹಾಕಿ ಕಾಯಿಸಿದರೆ ಬಹುಪಾಲು ಆಮ್ಲಜನಕ ಕಳಚಿ ವಾಹಕತೆ ಒಂದಿಷ್ಟು ಮರಳುತ್ತದೆ. ನೀರಿನ ಸ್ನೇಹ ಮುಗಿಯುತ್ತದೆ. ಎರಡನ್ನೂ ಒಟ್ಟಿಗೆ ಕೇಳುವುದು ದುರಾಸೆಯೇ ಇರಬೇಕು.

ಇದರ ತೆಳುಪೊರೆ ಇನ್ನೂ ವಿಚಿತ್ರ. ಹೀಲಿಯಂ ಅನಿಲವನ್ನೇ ತಡೆಯುವ ಒಣ ಪೊರೆ ನೀರಿನ ಆವಿಯನ್ನು ಸಲೀಸಾಗಿ ಹಾಯಲು ಬಿಡುತ್ತದೆಂದು 2012ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ತೋರಿಸಿದರು. ಉಪ್ಪುನೀರು ಸೋಸುವ ಆಸೆ ಹುಟ್ಟಿದ್ದು ಹಾಗೆ.

ನನ್ನ ಆಸೆ ಸಣ್ಣದು. ನಾಳೆಯಾದರೂ ತೊಳೆದ ನೀರಿನ ಪಿಎಚ್ (ಆಮ್ಲ ಕಡಿಮೆಯಾದಂತೆ ಏರುವ ಅಳತೆ) 5 ದಾಟಲಿ.