ಕಾರವಾರದ ಯುದ್ಧನೌಕೆಗೆ ಮಕ್ಕಳ ಜೊತೆ ಹೋಗುವವರಿಗೆ

ಕಾರವಾರ ಬಸ್ ನಿಲ್ದಾಣದಲ್ಲಿ ಇಳಿದವರು ಯುದ್ಧನೌಕೆ ನೋಡಲು ಆಟೋ ಹತ್ತಬೇಡಿ. ಮಕ್ಕಳನ್ನೂ ಚೀಲಗಳನ್ನೂ ಕಂಡ ಕೂಡಲೇ ದರ ಏರುತ್ತದೆ. ನಮ್ಮನ್ನು ಹತ್ತಿಸಿಕೊಂಡ ಪುಣ್ಯಾತ್ಮ ಪೇಟೆಯನ್ನೆಲ್ಲ ಸುತ್ತಿಸಿ, ನೂರೈವತ್ತು ರೂಪಾಯಿ ಎಣಿಸಿಕೊಂಡು ಇಳಿಸಿದ ಜಾಗಕ್ಕೆ ನಿಲ್ದಾಣದಿಂದ ನಡೆದೇ ಬರಬಹುದಿತ್ತು. ಹೆದ್ದಾರಿ ಪಕ್ಕ, ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎದ್ದು ಕಾಣುತ್ತದೆ.

ಒಳಗೆ ಹೋಗುವ ಮುನ್ನ ಮಕ್ಕಳಿಗೆ ಇತಿಹಾಸವನ್ನು ಸರಿಯಾಗಿ ಹೇಳಿ. ನಮ್ಮ ಮುಂದಿದ್ದ ಶಾಲಾ ಗುಂಪಿನ ಮೇಷ್ಟ್ರು, 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ಹಡಗು ಇದೇ ಎಂದು ಘಂಟಾಘೋಷವಾಗಿ ಹೇಳುತ್ತಿದ್ದರು. ಆ ಡಿಸೆಂಬರ್ 4ರ ರಾತ್ರಿ ಕ್ಷಿಪಣಿ ಹೊತ್ತು ಹೋದದ್ದು ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ಕೂಡ ಸೋವಿಯತ್ ನಿರ್ಮಿತ ಕ್ಷಿಪಣಿ ದೋಣಿಯೇ, ಆದರೆ ನೌಕಾಪಡೆಗೆ ಸೇರಿದ್ದು 1976ರಲ್ಲಿ. 2005ರಲ್ಲಿ ನಿವೃತ್ತಿಯಾಗಿ, ಮರುವರ್ಷ ಇಲ್ಲಿ ಸಂಗ್ರಹಾಲಯವಾಯಿತು. ಪಾಪ, ಅಷ್ಟು ಹುಡುಗರೂ ಮೇಷ್ಟ್ರು ಹೇಳಿದ್ದನ್ನೇ ಬರೆದುಕೊಂಡರು.

ನೌಕೆಯೊಳಗೆ ಬಾಗಿಲುಗಳ ಹೊಸ್ತಿಲು ಎತ್ತರ, ಏಣಿ ಕಡಿದು. ಸಣ್ಣವರ ಮೊಣಕಾಲಿಗೆ ಪೆಟ್ಟು ಖಚಿತ, ದೊಡ್ಡವರ ತಲೆಗೂ. ಕ್ಷಿಪಣಿ ಗೂಡುಗಳ ಬಗ್ಗೆ ನಾನು ಹೇಳಿದ್ದು ಗಾಳಿಗೆ ಹೋಯಿತು. ನನ್ನ ಕಿರಿಮಗಳು ಸಮವಸ್ತ್ರದ ಬೊಂಬೆಯೊಂದಕ್ಕೆ ನಮಸ್ಕಾರ ಹೇಳಿ, ಉತ್ತರ ಬರದ್ದಕ್ಕೆ ಮುಖ ಊದಿಸಿಕೊಂಡಳು. ಮಧ್ಯಾಹ್ನ ಹೋಗಬೇಡಿ, ಕಬ್ಬಿಣದ ಕಂಬಿ ಮುಟ್ಟಲಾಗುವುದಿಲ್ಲ. ಭಾನುವಾರವಂತೂ ಬೇಡವೇ ಬೇಡ: ಒಬ್ಬರು ಸೆಲ್ಫಿಗೆ ನಿಂತರೆ ಹಿಂದಿನವರೆಲ್ಲ ಬೆವರುತ್ತಾ ನಿಲ್ಲಬೇಕು. ಜನಜಂಗುಳಿ ಎಂದರೆ ನನಗೆ ಮೊದಲೇ ಆಗದು.

ಪಕ್ಕದಲ್ಲೇ ಟುಪೊಲೆವ್ 142 ಎಂ ವಿಮಾನವಿದೆ. ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಇದು 2017ರಲ್ಲಿ ನಿವೃತ್ತಿಯಾದದ್ದು, ಭಾಗ ಭಾಗವಾಗಿ ಇಲ್ಲಿಗೆ ತಂದು ಜೋಡಿಸಿದ್ದಾರೆ. ಪ್ರತಿ ಎಂಜಿನ್‌ಗೆ ವಿರುದ್ಧ ದಿಕ್ಕಿಗೆ ತಿರುಗುವ ಎರಡೆರಡು ಪ್ರೊಪೆಲ್ಲರ್ ಇವೆ, ಮಕ್ಕಳಿಗೆ ಅವುಗಳ ರೆಕ್ಕೆ ಎಣಿಸಲು ಹೇಳಿ. ನಿಮಗೆ ಹತ್ತು ನಿಮಿಷ ನೆರಳು ಸಿಗುತ್ತದೆ. ಎರಡಕ್ಕೂ ಸೇರಿ ಒಂದೂವರೆ ಗಂಟೆ ಧಾರಾಳ.

ಊಟಕ್ಕೆ ಕಡಲತೀರದ ಹೊಳೆಯುವ ಹೋಟೆಲುಗಳನ್ನು ಬಿಟ್ಟು ಪೇಟೆಯ ಒಳಗಿನ ಸಣ್ಣ ಖಾನಾವಳಿ ಹುಡುಕಿ. ನಾವು ಹೊಕ್ಕಲ್ಲಿ ನಾಲ್ಕೇ ಮೇಜು, ಫಲಕದ ಅಕ್ಷರ ಅರ್ಧ ಅಳಿಸಿತ್ತು. ಉಂಡೆಯಾಗದ ಕುಚ್ಚಲಕ್ಕಿ ಅನ್ನ, ಜುಮ್ಮನಕಾಯಿ ಎಂಬ ಮಸಾಲೆ ಹಾಕಿದ ಬಂಗಡೆ ಸಾರು, ರವೆ ಹೊರಳಿಸಿ ಕರಿದ ಲೇಪೆ ಮೀನು, ಕೊನೆಗೆ ಕುಡಿಯಲು ಕೋಕಂ, ತೆಂಗಿನಹಾಲಿನ ಸೋಲ್ ಕಡಿ. ಬಡಿಸುತ್ತಿದ್ದ ಅಕ್ಕ ಮಕ್ಕಳಿಗೆ ಮುಳ್ಳು ಬಿಡಿಸಿಕೊಟ್ಟು, ಖಾರ ಹೆಚ್ಚಾಯಿತೇ ಎಂದು ಕೊಂಕಣಿ ಬೆರೆಸಿ ಕೇಳಿದರು. ಅನ್ನ, ಸಾರು ಎರಡನೇ ಸಲ ಕೇಳದೆಯೇ ಬಂತು. ನಾಲ್ವರ ಬಿಲ್ ನೋಡಿ, ಲೆಕ್ಕ ತಪ್ಪಿದೆಯೇನೋ ಎಂದು ನಾನೇ ವಿಚಾರಿಸಿದೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ಲೇಪೆ ಬೇಗ ಮುಗಿಯುತ್ತದೆ.

ಇನ್ನು ರೂಮು. ಸಮುದ್ರ ಕಾಣುತ್ತದೆ ಎಂದು ಎರಡು ಸಾವಿರ ಕಿತ್ತ ವಸತಿಗೃಹದ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು. ಮಗುವಿನ ಹೆಚ್ಚುವರಿ ಹಾಸಿಗೆಗೆಂದು ಐನೂರು ತೆಗೆದುಕೊಂಡು ಕೊಟ್ಟದ್ದು ಒಂದು ಜಮಖಾನೆ. ಕುಮಟಾ, ಅಂಕೋಲಾ ಕಡೆಯವರು ರೂಮಿನ ಗೋಜಿಗೇ ಹೋಗದೆ ಬೆಳಿಗ್ಗೆ ಬಂದು ಸಂಜೆ ಮರಳಿ. ಶಿರಸಿಯವರು ಘಟ್ಟದ ರಸ್ತೆ ತೆರೆದಿದೆಯೇ ಎಂದು ಹಿಂದಿನ ದಿನವೇ ಕೇಳಿಕೊಂಡು ಹೊರಡಿ.