ಫಾಂಟ್ ಫೈಲಿನೊಳಗೆ ಇಣುಕಿದಾಗ

ಇವತ್ತು ಒಂದು ಫಾಂಟ್ ಫೈಲನ್ನು ಬಿಚ್ಚಿ ನೋಡ್ತಾ ಕೂತಿದ್ದೆ.

ಅಕ್ಷರಗಳ ಜೊತೆಗೆ ಅದರಲ್ಲಿ ‘ನೇಮ್’ ಅಂತ ಒಂದು ಟೇಬಲ್ ಇರುತ್ತದೆ. 0ನೇ ನಂಬರಿನಲ್ಲಿ ಕಾಪಿರೈಟ್, 9ರಲ್ಲಿ ವಿನ್ಯಾಸ ಮಾಡಿದವರ ಹೆಸರು, 13ರಲ್ಲಿ ಲೈಸೆನ್ಸ್, 14ರಲ್ಲಿ ಅದರ ಲಿಂಕ್. ಇನ್ನೊಂದು ಕಡೆ ‘ಎಫ್‌ಎಸ್‌ಟೈಪ್’ ಅಂತ ಪುಟ್ಟ ಅಂಕಿ. ಅದು 2 ಆಗಿದ್ದರೆ ಅನುಮತಿ ಇಲ್ಲದೆ ಆ ಫಾಂಟನ್ನು ಪಿಡಿಎಫ್ ಒಳಗೆ ಸೇರಿಸುವ ಹಾಗಿಲ್ಲ. 0 ಆಗಿದ್ದರೆ ಅಡ್ಡಿಯಿಲ್ಲ.

ಅಕ್ಷರದ ಒಂದೊಂದು ತಿರುವನ್ನೂ ತಿದ್ದಿ ತೀಡಿದವರ ಹೆಸರು ಅಲ್ಲಿ ಇರಲೇಬೇಕು. ಆ ಹೆಸರು ಓದಿ ಖುಷಿಯಾಯಿತು.

ಆದರೆ ಕೆಲವು ಮಾರಾಟಗಾರರು ಕೊಂಡವರ ಗುರುತನ್ನೂ ಫೈಲಿನಲ್ಲೇ ಸೇರಿಸಿ ಕೊಡುತ್ತಾರೆ. ಫೈಲ್ ಎಲ್ಲಿ ಸಿಕ್ಕರೂ ಯಾರ ಕೈಯಿಂದ ಹೋಯಿತು ಅಂತ ಗೊತ್ತಾಗಲಿ ಅಂತ. ಕದಿಯುವವರನ್ನು ಹಿಡಿಯೋಕೆ ಅದು ಬೇಕು, ಒಪ್ಪುತ್ತೇನೆ. ಆದರೆ ಕೊಳ್ಳುವಾಗಲೇ ಮಾರುವವರು ಅದನ್ನು ಬಾಯಿಬಿಟ್ಟು ಹೇಳಬೇಕು, ಅಲ್ವಾ?